ಊರಿನ ಹಿರಿಯರಿಗೊಂದು ಪಂಚಾಯಿತಿ ಯೋಜನೆ: ಎಲ್ಲಿಂದ ಶುರು ಮಾಡಬೇಕು?

ಗ್ರಾಮಸಭೆಯಲ್ಲಿ ವಯಸ್ಸಾದವರ ವಿಷಯ ಬಂದರೆ ಸಾಮಾನ್ಯವಾಗಿ ಎರಡೇ ಬೇಡಿಕೆ ಏಳುತ್ತವೆ. ಒಂದು, ಆರೋಗ್ಯ ಶಿಬಿರ ಮಾಡಿಸಿ. ಇನ್ನೊಂದು, ವೃದ್ಧಾಶ್ರಮ ಮಂಜೂರು ಮಾಡಿಸಿ. ಮೊದಲನೆಯದು ಶಾಮಿಯಾನ, ಫ್ಲೆಕ್ಸು, ಊಟದ ಸಮೇತ ಒಂದೇ ದಿನಕ್ಕೆ ಮುಗಿದುಹೋಗುತ್ತದೆ. ಎರಡನೆಯದು ಬರುವುದೇ ಅಪರೂಪ. ಬಂದರೂ ಮನೆ ಬಿಟ್ಟು ಅಲ್ಲಿಗೆ ಹೋಗುತ್ತೇನೆ ಅನ್ನುವವರು ಊರಿನಲ್ಲಿ ಎಷ್ಟು ಜನ ಸಿಕ್ಕಾರು? ಅಷ್ಟರಲ್ಲಿ ಸಭೆ ಚರಂಡಿ, ಬೀದಿದೀಪದ ಕಡೆ ಹೊರಳಿರುತ್ತದೆ. ಬಿಪಿ ಮಾತ್ರೆ ಮುಗಿದು ಹದಿನೈದು ದಿನವಾದರೂ ಮನೆಯವರಿಗೆ ಹೇಳದ ಅಜ್ಜ, ಬೆರಳಿನ ಗೆರೆ ಸವೆದು ಹೆಬ್ಬೆಟ್ಟು ಬೀಳದೆ ರೇಷನ್ ಅಂಗಡಿಯಿಂದ ವಾಪಸ್ಸಾದ ಅಜ್ಜಿ, ರಾತ್ರಿ ಹೊರಗಿನ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡವರು: ಇವರ ಕಷ್ಟ ಯಾರ ಬಾಯಲ್ಲೂ ಬಂದಿರುವುದಿಲ್ಲ.

ನೀವು ಪಂಚಾಯಿತಿ ಸದಸ್ಯರಾಗಿರಬಹುದು, ಸ್ತ್ರೀಶಕ್ತಿ ಸಂಘದಲ್ಲಿರಬಹುದು, ನಿವೃತ್ತಿಯಾಗಿ ಊರಿಗೆ ಮರಳಿದ ಮೇಷ್ಟ್ರಾಗಿರಬಹುದು. ನಿಮ್ಮ ಊರಿನ ಹಿರಿಯರಿಗೆ ಒಂದು ವರ್ಷದ ಯೋಜನೆ ತಯಾರಿಸಿ ಅದನ್ನು ಪಂಚಾಯಿತಿಯ ಕ್ರಿಯಾ ಯೋಜನೆಯೊಳಗೆ ಸೇರಿಸುವುದು ಹೇಗೆ ಎನ್ನುವುದನ್ನು ಇಲ್ಲಿ ನೋಡೋಣ.

ಪಂಚಾಯಿತಿ ಮಟ್ಟದಲ್ಲೇ ಯಾಕೆ?

ಕರ್ನಾಟಕದಲ್ಲಿ 2011ರ ಜನಗಣತಿಯ ಹೊತ್ತಿಗೆ ನೂರಕ್ಕೆ ಒಂಬತ್ತೂವರೆಯಷ್ಟು ಜನ 60 ದಾಟಿದ್ದರು. ಕೇಂದ್ರ ಸರ್ಕಾರದ ತಜ್ಞರ ತಂಡದ ಅಂದಾಜಿನಂತೆ 2021ಕ್ಕೆ ಅದು ಹನ್ನೊಂದೂವರೆ, 2031ಕ್ಕೆ ಹದಿನೈದು. ಆರು ಸಾವಿರ ಜನರಿರುವ ಪಂಚಾಯಿತಿಯಲ್ಲಿ 2021ರ ಲೆಕ್ಕ ಹಿಡಿದರೂ ಸುಮಾರು 690 ಹಿರಿಯರು. ದುಡಿಯುವವರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಸೇರಿರುವ ಊರಾದರೆ ಇನ್ನೂ ಹೆಚ್ಚೇ ಸಿಗುತ್ತಾರೆ.

ಇವರಿಗೆ ಏನೂ ಇಲ್ಲ ಎನ್ನುವಂತಿಲ್ಲ. ಹಿರಿಯರ ಆರೋಗ್ಯಕ್ಕಾಗಿಯೇ ಒಂದು ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾದ ಮೇಲೆ ಅಲ್ಲಿ ಕೊಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ಹಿರಿಯರ ಆರೈಕೆಯೂ, ನೋವು ನರಳಾಟ ತಗ್ಗಿಸುವ ಉಪಶಾಮಕ ಆರೈಕೆಯೂ ಸೇರಿವೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರದು. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಊರುಗೋಲು, ವಾಕರ್, ಶ್ರವಣಯಂತ್ರ, ಗಾಲಿಕುರ್ಚಿ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ನಡೆದಿದೆ.

ತೊಡಕು ಇರುವುದು ಬೇರೆ ಕಡೆ. ಮಾತ್ರೆ ಆರೋಗ್ಯ ಇಲಾಖೆಯದು. ಪಿಂಚಣಿ ಕಂದಾಯ ಇಲಾಖೆಯದು, ಅದಕ್ಕೆ ನಾಡಕಚೇರಿಗೆ ಹೋಗಬೇಕು. ಅಕ್ಕಿ ಆಹಾರ ಇಲಾಖೆಯದು. ಊರುಗೋಲು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಇಲಾಖೆಯದು. ಬಚ್ಚಲಿಗೆ ಹೋಗುವ ದಾರಿಯ ದೀಪ ಪಂಚಾಯಿತಿಯದು. ಎಂಬತ್ತರ ಅಜ್ಜಿಯ ಒಂದು ದಿನದೊಳಗೆ ಇವಿಷ್ಟೂ ಬಂದು ಹೋಗುತ್ತವೆ, ಆದರೆ ಈ ಇಲಾಖೆಗಳವರು ಒಬ್ಬರ ಮುಖ ಒಬ್ಬರು ನೋಡುವುದು ತಾಲ್ಲೂಕು ಪಂಚಾಯಿತಿಯ ಕೆಡಿಪಿ ಸಭೆಯಲ್ಲಿ ಮಾತ್ರ, ಅಲ್ಲಿ ಈ ಅಜ್ಜಿಯ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಹೆಸರು ಗೊತ್ತಿರುವುದು ಊರಿನಲ್ಲಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ನ್ಯಾಯಬೆಲೆ ಅಂಗಡಿಯವರು, ಪೋಸ್ಟ್‌ಮ್ಯಾನ್, ನೀರುಗಂಟಿ, ಎಲ್ಲರೂ ಒಂದೇ ಮನೆಗೆ ಬೇರೆಬೇರೆ ದಿನ ಹೋಗಿಬರುತ್ತಾರೆ. ಇವರನ್ನು ಒಂದು ಪಟ್ಟಿಯ ಸುತ್ತ ಕೂರಿಸಿದರೆ ಅರ್ಧ ಕೆಲಸಕ್ಕೆ ಹೊಸ ಹಣವೇ ಬೇಕಾಗುವುದಿಲ್ಲ.

1. ಮೊದಲು ಪಟ್ಟಿ, ಅದೂ ವಯಸ್ಸಿನ ಪ್ರಕಾರ ಅಲ್ಲ

ಬಹಳ ಕಡೆ ಎಡವುವುದು ಇಲ್ಲೇ. 60ರಿಂದ 70, 70ರಿಂದ 80 ಎಂದು ಗೆರೆ ಎಳೆದು ಪಟ್ಟಿ ಮಾಡುತ್ತಾರೆ. ಎಪ್ಪತ್ತೆಂಟರಲ್ಲಿ ಹೊಲಕ್ಕೆ ಹೋಗಿ ಕಳೆ ಕೀಳುವವರಿದ್ದಾರೆ; ಅರವತ್ತೆರಡಕ್ಕೆ ಲಕ್ವ ಹೊಡೆದು ಮಲಗಿದವರೂ ಇದ್ದಾರೆ. ಸೇವೆ ಯಾರಿಗೆ, ಎಲ್ಲಿ ಬೇಕು ಎನ್ನುವುದನ್ನು ವಯಸ್ಸು ಹೇಳುವುದಿಲ್ಲ. ಆರೋಗ್ಯ ಇಲಾಖೆಯ ಮಾರ್ಗಸೂಚಿ ಕೂಡ ಹಿರಿಯರನ್ನು ಮೂರು ಗುಂಪು ಮಾಡುತ್ತದೆ: ಓಡಾಡಿಕೊಂಡಿರುವವರು, ಆಸರೆ ಇಲ್ಲದೆ ಮನೆಯಿಂದ ಹೊರಬರಲಾಗದವರು, ಹಾಸಿಗೆ ಹಿಡಿದವರು. ಇದನ್ನೇ ಬಳಸಿ.

ಆಶಾ ಕಾರ್ಯಕರ್ತೆಯ ಹತ್ತಿರ ಮನೆಮನೆಯ ಸಮೀಕ್ಷೆಯ ಪುಸ್ತಕ ಇರುತ್ತದೆ, ಸಾವಿರ ಜನಕ್ಕೆ ಒಬ್ಬರಂತೆ. ಅದರಿಂದ ಹೆಸರು ತೆಗೆದುಕೊಂಡು ಪ್ರತಿ ಮನೆಯಲ್ಲಿ ಆರು ಪ್ರಶ್ನೆ ಕೇಳಿದರೆ ಸಾಕು.

ಒಬ್ಬರೇ ಎದ್ದು ಬಚ್ಚಲಿಗೆ ಹೋಗುತ್ತಾರೆಯೇ? ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ? ದಿನಾ ನುಂಗುವ ಮಾತ್ರೆ ಯಾವುದು, ಇವತ್ತು ಎಷ್ಟು ಉಳಿದಿವೆ? ಕಣ್ಣು, ಕಿವಿ ಹೇಗಿದೆ? ಪಿಂಚಣಿ, ರೇಷನ್ ಕಳೆದ ತಿಂಗಳು ಕೈಗೆ ಬಂತೇ? ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದಾರೆಯೇ?

ಎರಡನೇ ಪ್ರಶ್ನೆಯನ್ನು ಬಿಡಬೇಡಿ. ‘ಮಗ ಸೊಸೆ ಜೊತೆಗಿದ್ದಾರೆ’ ಎಂದು ಬರೆದುಕೊಂಡ ಮನೆಯಲ್ಲಿ ಮಗ ಸೊಸೆ ಇಬ್ಬರೂ ಕೂಲಿಗೆ ಹೋದ ಮೇಲೆ ಬೀಗ ಹಾಕಿದ ಬಾಗಿಲ ಹಿಂದೆ ಅಜ್ಜಿ ಒಬ್ಬರೇ ಇರುತ್ತಾರೆ. ಕಾಗದದ ಮೇಲೆ ಅವರು ಕುಟುಂಬದವರು, ಹಗಲು ಹೊತ್ತು ಒಂಟಿ. ಮೂರನೇ ಪ್ರಶ್ನೆಗೆ ಬಾಯಿಮಾತಿನ ಉತ್ತರ ನಂಬಬೇಡಿ, ಮಾತ್ರೆಯನ್ನೇ ತರಿಸಿ ನೋಡಿ. ಮಾತ್ರೆಯ ಹೆಸರು ಗೊತ್ತಿಲ್ಲದವರು ‘ಬಿಳಿ ಗುಳಿಗೆ, ಸಣ್ಣದು’ ಎನ್ನುತ್ತಾರೆ. ಅದು ಬಿಪಿಯ ಅಮ್ಲೋಡಿಪಿನ್ನೋ ಶುಗರಿನ ಮಾತ್ರೆಯೋ ನೋಡಿದರಷ್ಟೇ ತಿಳಿಯುವುದು.

ವಯಸ್ಸಿನ ಬಗ್ಗೆ ಇನ್ನೊಂದು ಮಾತು. ನಮ್ಮ ಹಳ್ಳಿಗಳ ಹಿರಿಯರ ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದೇ ಹುಟ್ಟಿದ ದಿನ ಇರುವುದು ಸಾಮಾನ್ಯ. ಕಾರ್ಡು ಮಾಡಿಸುವ ದಿನ ಕಂಪ್ಯೂಟರ್ ಮುಂದೆ ಕೂತವರು ಅಂದಾಜಿಗೆ ಹಾಕಿದ್ದು. ನಿಜದಲ್ಲಿ ಅರವತ್ತೆಂಟಾದವರು ಕಾರ್ಡಿನಲ್ಲಿ ಅರವತ್ತೊಂದಾಗಿದ್ದರೆ ಪಿಂಚಣಿಗೆ ಇನ್ನೂ ನಾಲ್ಕು ವರ್ಷ ಕಾಯಬೇಕು. ಇಂಥವರನ್ನು ಪ್ರತ್ಯೇಕ ಗುರುತು ಮಾಡಿಕೊಳ್ಳಿ. ತಿದ್ದುಪಡಿಗೆ ಶಾಲೆಯ ದಾಖಲೆಯೋ ಬೇರೆ ಪುರಾವೆಯೋ ಸಿಗುತ್ತದೆಯೇ ಎಂದು ಹುಡುಕುವುದಕ್ಕೆ ಮೇಷ್ಟ್ರುಗಳಿಗಿಂತ ಯೋಗ್ಯರು ಸಿಗಲಾರರು.

ಪಟ್ಟಿ ಮುಗಿದಾಗ ಹಾಸಿಗೆ ಹಿಡಿದವರ ಗುಂಪು ನೀವು ಹೆದರಿದಷ್ಟು ದೊಡ್ಡದಿರುವುದಿಲ್ಲ, ಹೆಸರು ಹಿಡಿದು ಹೇಳಬಹುದಾದಷ್ಟಿರುತ್ತದೆ. ಆದ್ದರಿಂದಲೇ ಇದು ಪಂಚಾಯಿತಿಯ ಕೈಯಳತೆಯ ಕೆಲಸ.

2. ನಕ್ಷೆ ಬರೆಯಿರಿ, ಮೆಟ್ಟಿಲು ಎಣಿಸಿ

ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಊರು, ಹಟ್ಟಿ, ಕಾಲೊನಿ, ತೋಟದ ಮನೆಗಳನ್ನು ಗುರುತಿಸಿ. ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ರೇಷನ್ ಅಂಗಡಿ, ಪೋಸ್ಟಾಫೀಸು, ಬ್ಯಾಂಕು, ಹಾಲಿನ ಡೈರಿ, ಬಸ್ ನಿಲ್ಲುವ ಜಾಗ ಹಾಕಿ. ಪಕ್ಕದಲ್ಲಿ ದೂರವನ್ನೂ ಬಸ್ಸಿನ ಹೊತ್ತನ್ನೂ ಬರೆಯಿರಿ. ಬಯಲುಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೊಂದು ಉಪಕೇಂದ್ರ ಎನ್ನುವ ಲೆಕ್ಕ ಜನಸಂಖ್ಯೆಯದು. ಮಲೆನಾಡಿನ ಒಂಟಿಮನೆಗಳಿಗೆ ಅದರ ಅರ್ಥ ಬೇರೆ. ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ಸು ಉಚಿತವಾಗಿದೆ, ಅಜ್ಜನಿಗೆ ಹಿರಿಯ ನಾಗರಿಕರ ರಿಯಾಯಿತಿ ಇದೆ. ಬಸ್ಸು ನಿಲ್ಲುವ ಕ್ರಾಸಿನವರೆಗಿನ ಒಂದೂವರೆ ಕಿಲೋಮೀಟರಿಗೆ ಮಾತ್ರ ಯಾವ ಯೋಜನೆಯೂ ಇಲ್ಲ. ನಿಮ್ಮ ಯೋಜನೆ ಅದನ್ನೇ ಹಿಡಿಯಬೇಕು.

ಕಟ್ಟಡಗಳಿಗೆ ಖುದ್ದಾಗಿ ಹೋಗಿ ಮೆಟ್ಟಿಲು ಎಣಿಸಿ. ಹಿಡಿದುಕೊಳ್ಳಲು ಕಂಬಿ ಇದೆಯೇ? ಇಳಿಜಾರು ಇದ್ದರೆ ಅಳತೆ ನೋಡಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಎಷ್ಟೋ ಕಚೇರಿಗಳ ಮುಂದೆ ಇರುವ ಇಳಿಜಾರು ಬೈಕು ಹತ್ತಿಸುವುದಕ್ಕೆ ಸರಿಯಾಗಿದೆ, ಗಾಲಿಕುರ್ಚಿಗಲ್ಲ.

3. ತಿಂಗಳಿಗೊಂದು ನಿಗದಿತ ದಿನ

ಬಿಪಿ, ಶುಗರು ದಿನಾ ಮಾತ್ರೆ ಬೇಡುವ ಕಾಯಿಲೆಗಳು. ನೋವು ಕೊಡುವುದಿಲ್ಲ, ಹಾಗಾಗಿ ಮಾತ್ರೆ ಬಿಟ್ಟರೂ ಕೆಲವು ದಿನ ಏನೂ ಆಗಿಲ್ಲ ಅನಿಸುತ್ತದೆ. ಆದರೆ ಒಳಗೆ ರಕ್ತನಾಳದ ಮೇಲೆ ಒತ್ತಡ ಏರುತ್ತಲೇ ಇರುತ್ತದೆ. ಒಂದು ಬೆಳಗ್ಗೆ ಬಾಯಿ ಸೊಟ್ಟಗಾಗಿ, ಕೈಕಾಲು ಬಿದ್ದುಹೋದಾಗಲೇ ಗೊತ್ತಾಗುವುದು. ಒಬ್ಬರಿಗೆ ಲಕ್ವ ಹೊಡೆದರೆ ಆ ಮನೆಯ ಒಬ್ಬ ಹೆಣ್ಣುಮಗಳ ಕೂಲಿ ನಿಂತಿತು ಎಂದೇ ಲೆಕ್ಕ. ಇದಕ್ಕೆ ಮದ್ದು ದೊಡ್ಡ ಡಾಕ್ಟರಲ್ಲ, ಮೂವತ್ತು ದಿನದ ಮಾತ್ರೆ ಮೂವತ್ತನೇ ದಿನಕ್ಕೆ ಮೊದಲೇ ಕೈಸೇರುವುದು. ಆದ್ದರಿಂದ ವರ್ಷಕ್ಕೊಮ್ಮೆಯ ಶಿಬಿರಕ್ಕಿಂತ ತಿಂಗಳಿಗೊಂದು ಖಾಯಂ ದಿನ ಸಾವಿರ ಪಾಲು ಮೇಲು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮತ್ತು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಜೊತೆ ಕೂತು ಪ್ರತಿ ಹಳ್ಳಿಗೂ ಒಂದು ದಿನ ಗೊತ್ತುಮಾಡಿ. ‘ಎರಡನೇ ಬುಧವಾರ, ಅಂಗನವಾಡಿ, ಬೆಳಗ್ಗೆ ಹತ್ತು’ ಎನ್ನುವಷ್ಟು ಸ್ಪಷ್ಟವಾಗಿ. ಆ ದಿನ ಬಿಪಿ, ಶುಗರು, ತೂಕ ನೋಡಿ ಮಾತ್ರೆ ಕೊಡುವುದು. ಮಾತ್ರೆ ಬದಲಿಸಬೇಕೆನಿಸಿದರೆ ಅಲ್ಲಿಂದಲೇ ಇ-ಸಂಜೀವಿನಿಯಲ್ಲಿ ವೈದ್ಯರನ್ನು ಕೇಳುವುದು. ನಾಡಕಚೇರಿಯ ಗ್ರಾಮ ಆಡಳಿತ ಅಧಿಕಾರಿ ಮೂರು ತಿಂಗಳಿಗೊಮ್ಮೆಯಾದರೂ ಅದೇ ದಿನ, ಅದೇ ಜಾಗದಲ್ಲಿ ಕೂತು ನಿಂತುಹೋದ ಪಿಂಚಣಿಯ ಅರ್ಜಿ ತೆಗೆದುಕೊಳ್ಳಲಿ.

ಜಾಗ ಆರಿಸುವಾಗ ಎಚ್ಚರ. ಅರಳಿಕಟ್ಟೆಯ ಮೇಲೆ ಇಟ್ಟರೆ ಅದು ಗಂಡಸರ ಸೇವೆಯಾಗುತ್ತದೆ. ಹೆಂಗಸರು ದೂರದಿಂದ ನೋಡಿ ಹೋಗುತ್ತಾರೆ. ದೇವಸ್ಥಾನದ ಪಡಸಾಲೆಯಲ್ಲಿಟ್ಟರೆ ಯಾವ ಕೇರಿಯವರು ಒಳಗೆ ಬರುತ್ತಾರೆ, ಯಾವ ಕೇರಿಯವರು ಹೊರಗೆ ನಿಲ್ಲುತ್ತಾರೆ ಎನ್ನುವುದು ನಿಮಗೇ ಗೊತ್ತು. ಅಂಗನವಾಡಿ, ಶಾಲೆ, ಪಂಚಾಯಿತಿಯ ಗ್ರಂಥಾಲಯ ಎಲ್ಲರಿಗೂ ಸಲ್ಲುವ ಜಾಗಗಳು. ಸುದ್ದಿ ಮುಟ್ಟಿಸಲು ನೋಟಿಸ್ ಬೋರ್ಡಿಗಿಂತ ಬೆಳಗಿನ ಹಾಲಿನ ಡೈರಿ ಒಳ್ಳೆಯದು, ಅಲ್ಲಿ ಮನೆಗೊಬ್ಬರು ಬಂದೇ ಬರುತ್ತಾರೆ.

4. ಹಾಸಿಗೆ ಹಿಡಿದವರ ಮನೆಗೆ ನಾವೇ ಹೋಗುವುದು

ಮೂರನೇ ಗುಂಪಿನವರಿಗೆ ನಿಗದಿತ ದಿನದಿಂದ ಪ್ರಯೋಜನವಿಲ್ಲ, ಅವರ ಮನೆಗೇ ಹೋಗಬೇಕು. ಇದಕ್ಕೆ ನೋಡಿ ಕಲಿಯಬಹುದಾದ ಮಾದರಿ ಪಕ್ಕದ ಕೇರಳದಲ್ಲಿದೆ. ಕೋಳಿಕ್ಕೋಡು, ಮಲಪ್ಪುರಂ ಕಡೆ ಊರವರೇ ವಾರಕ್ಕೆ ಕೆಲವು ತಾಸು ಕೊಟ್ಟು ಕಟ್ಟಿದ ಉಪಶಾಮಕ ಆರೈಕೆಯ ಕೂಟಗಳು ಬೆಳೆದು, 2008ರಲ್ಲಿ ಆ ರಾಜ್ಯ ಅದಕ್ಕೊಂದು ನೀತಿಯನ್ನೇ ತಂದಿತು. ಅಲ್ಲಿ ಪಂಚಾಯಿತಿಗಳು ತಮ್ಮ ಯೋಜನೆಯ ಹಣದಲ್ಲಿ ನರ್ಸ್ ಮತ್ತು ವಾಹನ ಇಟ್ಟುಕೊಂಡು ಮನೆಮನೆಗೆ ಹೋಗುತ್ತವೆ. ನಮ್ಮಲ್ಲಿ ಅಷ್ಟು ಒಮ್ಮೆಗೇ ಆಗದಿದ್ದರೂ, ಸಮುದಾಯ ಆರೋಗ್ಯ ಅಧಿಕಾರಿ ತಿಂಗಳಿಗೆರಡು ಸಲ, ಆಶಾ ವಾರಕ್ಕೊಮ್ಮೆ ಹೋಗುವಂತೆ ಗೊತ್ತುಮಾಡಿಕೊಳ್ಳಲು ಅಡ್ಡಿಯಿಲ್ಲ.

ಹೋದಾಗ ಮಾಡುವುದೇನು? ಬಿಪಿ ನೋಡಿ ಬರುವುದಷ್ಟೇ ಅಲ್ಲ. ಮಲಗಿದವರಿಗೆ ದೊಡ್ಡ ಶತ್ರು ಹಾಸಿಗೆ ಹುಣ್ಣು. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಹಿಡಿದು ಅಲ್ಲಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಚರ್ಮ ಮೊದಲು ಕೆಂಪಾಗಿ, ಆಮೇಲೆ ಸುಲಿದು, ಕೊನೆಗೆ ಮೂಳೆಯವರೆಗೂ ಗುಳಿ ಬೀಳುತ್ತದೆ. ಟೊಂಕದ ಕೆಳಗೆ, ಸೊಂಟದ ಎರಡು ಬದಿ, ಹಿಮ್ಮಡಿ, ಈ ಜಾಗಗಳನ್ನು ಬಟ್ಟೆ ಸರಿಸಿ ನೋಡಬೇಕು. ಕೆಂಪಗಿರುವಾಗಲೇ ಹಿಡಿದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆಯಾಗದಂತೆ ನೋಡಿಕೊಳ್ಳುವುದು, ಮೊಟ್ಟೆ ಬೇಳೆ ಹೆಚ್ಚಿಸುವುದು ಇಷ್ಟರಲ್ಲೇ ವಾಸಿಯಾಗುತ್ತದೆ. ಗುಳಿ ಬಿದ್ದ ಮೇಲೆ ತಿಂಗಳುಗಟ್ಟಲೆ ಡ್ರೆಸಿಂಗು. ಸೊಸೆಯನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ದಿಂಬನ್ನು ಬೆನ್ನಿಗೆ ಆನಿಸಿ ಓರೆಯಾಗಿ ಮಲಗಿಸುವುದು ಹೇಗೆ, ಹಾಸಿದ ಬಟ್ಟೆಯನ್ನೇ ಎಳೆದು ತಿರುಗಿಸುವುದು ಹೇಗೆ ಎಂದು ತೋರಿಸಿಕೊಟ್ಟರೆ ಅವರ ಸೊಂಟವೂ ಉಳಿಯುತ್ತದೆ.

ಇದರ ಜೊತೆ ಪಂಚಾಯಿತಿಯಲ್ಲೊಂದು ಸಲಕರಣೆ ಕೋಣೆ ಇರಲಿ: ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ, ಗಾಳಿ ಹಾಸಿಗೆ. ಒಂದು ಮನೆಗೆ ಇವು ಕೆಲವು ತಿಂಗಳ ಮಟ್ಟಿಗೆ ಬೇಕು, ಆಮೇಲೆ ಅಟ್ಟ ಸೇರುತ್ತವೆ. ಅಟ್ಟದಲ್ಲಿರುವುದನ್ನು ಊರವರಿಂದಲೇ ಕೇಳಿ ಪಡೆಯಿರಿ, ಕೊಡುವವರು ಸಿಗುತ್ತಾರೆ. ಸಂಘದ ಒಕ್ಕೂಟಕ್ಕೆ ಅದರ ಉಸ್ತುವಾರಿ ಕೊಟ್ಟು, ಯಾರು ಎಂದು ಒಯ್ದರು ಎನ್ನುವುದಕ್ಕೊಂದು ಪುಸ್ತಕ ಇಡಿ. ಸ್ವಂತಕ್ಕೇ ಬೇಕಾದವರಿಗೆ ವಯೋಶ್ರೀ ಯೋಜನೆಯಿದೆ: ಬಿಪಿಎಲ್ ಕುಟುಂಬದವರು ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಆಲಿಮ್ಕೋ ಸಂಸ್ಥೆಯ ಮೂಲಕ ಸಲಕರಣೆ ಸಿಗುತ್ತದೆ. ಮೊದಲು ಅಳತೆಯ ಶಿಬಿರ, ಆಮೇಲೆ ಹಂಚಿಕೆ. ಅಳತೆ ಶಿಬಿರದ ದಿನಕ್ಕೆ ನಿಮ್ಮ ಪಟ್ಟಿ ಸಿದ್ಧವಿದ್ದರೆ ಕೆಲಸ ಅಲ್ಲೇ ಅರ್ಧ ಮುಗಿಯಿತು. ಇದನ್ನೆಲ್ಲ ಬೆನ್ನು ಹತ್ತುವುದಕ್ಕೆ ಪಂಚಾಯಿತಿಯಲ್ಲೇ ಒಬ್ಬರಿದ್ದಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಊರವರು ‘ವಿಆರ್‌ಡಬ್ಲ್ಯು’ ಎನ್ನುವುದು ಇವರನ್ನೇ.

5. ಬೀಳದಂತೆ ನೋಡಿಕೊಳ್ಳುವುದು

ಆಸ್ಪತ್ರೆಯ ಖರ್ಚಿಗೆ ಹೋಲಿಸಿದರೆ ಇದರಷ್ಟು ಅಗ್ಗದ ಕೆಲಸ ಇನ್ನೊಂದಿಲ್ಲ, ಆದರೂ ಯಾವ ಯೋಜನೆಯಲ್ಲೂ ಕಾಣಿಸುವುದಿಲ್ಲ. ಹಿರಿಯರು ಬೀಳುವುದು ಬಹುತೇಕ ಮನೆಯ ಸುತ್ತಲೇ: ಎತ್ತರದ ಹೊಸಿಲು, ಪಾಚಿ ಕಟ್ಟಿದ ಬಚ್ಚಲ ಕಲ್ಲು, ರಾತ್ರಿ ದೀಪವಿಲ್ಲದ ಹಿತ್ತಿಲು. ಕಣ್ಣಿನ ಪೊರೆ ಇದ್ದವರಿಗೆ ಇನ್ನೂ ಅಪಾಯ. ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ಉಚಿತ. ಕರೆದೊಯ್ಯುವ ವ್ಯಾನಿಗಿಂತ ಆಮೇಲೆ ಮನೆಯಲ್ಲಿ ದಿನಕ್ಕೆ ನಾಲ್ಕಾರು ಸಲ ಕಣ್ಣಿಗೆ ಹನಿ ಹಾಕುವವರು ಯಾರು ಎನ್ನುವುದು ಮುಖ್ಯ, ಅದನ್ನು ಮೊದಲೇ ಗೊತ್ತುಮಾಡಿ.

ಶೌಚಾಲಯಕ್ಕೆ ಹಿಡಿಕೆ ಕಂಬಿ ಹಾಕಿಸುವಾಗ ಮೇಸ್ತ್ರಿಗೆ ಅಳತೆ ನೀವು ಹೇಳಬೇಡಿ. ಆ ಹಿರಿಯರನ್ನೇ ಕೂರಿಸಿ, ಏಳಲು ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿಸಿ. ಒಂದಿಂಚಿನ ಜಿಐ ಪೈಪು ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಮಣ್ಣಿನ ಗೋಡೆಯಾದರೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಬೇಡಿ, ನೆಲದಲ್ಲಿ ಕಾಂಕ್ರೀಟು ಹಾಕಿ ಕಂಬ ನೆಡಿಸಿ. ಕಿತ್ತುಬರುವ ಕಂಬಿ ಇಲ್ಲದ ಕಂಬಿಗಿಂತ ಅಪಾಯ.

6. ಹಣ ಎಲ್ಲಿಂದ, ಠರಾವು ಹೇಗೆ

ಪಂಚಾಯಿತಿ ಅಭಿವೃದ್ಧಿ ಯೋಜನೆಯ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಪಟ್ಟಿಯೂ ನಕ್ಷೆಯೂ ಅಷ್ಟರೊಳಗೆ ಕೈಯಲ್ಲಿರಬೇಕು. ಮೊದಲು ವಾರ್ಡ್ ಸಭೆಯಲ್ಲಿ ಇಡಿ, ಆಮೇಲೆ ಗ್ರಾಮಸಭೆಯಲ್ಲಿ. ನೇರ ಗ್ರಾಮಸಭೆಗೆ ಒಯ್ದರೆ ‘ವಾರ್ಡಿನಿಂದ ಬಂದಿಲ್ಲ’ ಎಂದು ಬದಿಗಿಡುವುದು ಸುಲಭ.

ಹಣದ ಮೂಲಗಳು ಸಣ್ಣಸಣ್ಣವು, ಆದರೆ ಹಲವಾರು. ಪಂಚಾಯಿತಿಯ ಸ್ವಂತ ಸಂಪನ್ಮೂಲ, ಅಂದರೆ ಮನೆ ಕಂದಾಯ, ಅಂಗಡಿ ಬಾಡಿಗೆ ಇತ್ಯಾದಿ. ಇದಕ್ಕೆ ಕಟ್ಟುಪಾಡು ಕಡಿಮೆ, ಆದ್ದರಿಂದ ಆಟೋ ಬಾಡಿಗೆ, ಗೌರವಧನ ಇದರಿಂದಲೇ. ಇದರಲ್ಲಿ ಶೇಕಡಾ 5ರಷ್ಟು ವಿಕಲಚೇತನರಿಗೆ ಮೀಸಲಿರುತ್ತದೆ. ಕಣ್ಣು, ಕಿವಿ, ಕೈಕಾಲು ಸೋತು ಶೇಕಡಾ 40ರ ಪ್ರಮಾಣಪತ್ರ ಸಿಗಬಹುದಾದ ಹಿರಿಯರು ಬಹಳ ಜನ ಇರುತ್ತಾರೆ, ಮಾಡಿಸಿಕೊಂಡಿರುವುದಿಲ್ಲ ಅಷ್ಟೇ. ಹಣಕಾಸು ಆಯೋಗದ ಅನುದಾನದಲ್ಲಿ ಸಂಬಳ ಕೊಡುವಂತಿಲ್ಲ, ಆದರೆ ಇಳಿಜಾರು, ದೀಪ, ಸಲಕರಣೆಗಳನ್ನು ಕ್ರಿಯಾ ಯೋಜನೆಗೆ ಸೇರಿಸಲು ಪಿಡಿಒ ಜೊತೆ ಚರ್ಚಿಸಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯವರೆಗೆ ಮುಕ್ತ ನಿಧಿ ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯದು ಬೇರೆ.

ಠರಾವಿನ ಭಾಷೆ ನೋಡಿಕೊಳ್ಳಿ. ‘ವೃದ್ಧರ ಕಲ್ಯಾಣಕ್ಕೆ ರೂ. 50,000’ ಎಂದು ಬರೆದರೆ ಮಾರ್ಚ್ ಕೊನೆಯಲ್ಲಿ ಅದು ಶಾಲು, ಹಾರ, ಸನ್ಮಾನವಾಗಿ ಹೋಗುತ್ತದೆ. ಬದಲಿಗೆ ಹೀಗೆ ಬರೆಸಿ: ‘ಲಗತ್ತಿಸಿದ ಪಟ್ಟಿಯ 14 ಮನೆಗಳ ಶೌಚಾಲಯಕ್ಕೆ ಹಿಡಿಕೆ ಕಂಬಿ, ಡಿಸೆಂಬರ್ ಒಳಗೆ, ಉಪಕೇಂದ್ರದ ಮುಂದೆ 12 ಅಡಿಯ ಇಳಿಜಾರು ಮತ್ತು ಕಂಬಿ, ಪ್ರತಿ ತಿಂಗಳ ಎರಡನೇ ಬುಧವಾರ ಎರಡು ಹಟ್ಟಿಗಳಿಂದ ಅಂಗನವಾಡಿಗೆ ಆಟೋ, ಹೋಗಿಬರುವ ಬಾಡಿಗೆ ಸ್ವಂತ ಸಂಪನ್ಮೂಲದಿಂದ, ಮೇಲ್ವಿಚಾರಣೆ ಗ್ರಾಮ ಆರೋಗ್ಯ ಸಮಿತಿ.’ ಎಣಿಸಬಹುದಾದದ್ದನ್ನು ಮಾತ್ರ ಮುಂದಿನ ಸಭೆಯಲ್ಲಿ ಕೇಳಲು ಬರುತ್ತದೆ.

ಎಚ್ಚರಿಕೆ

ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಡಿ. ಯಾರಿಗೆ ಮೂತ್ರ ನಿಲ್ಲುವುದಿಲ್ಲ, ಯಾರಿಗೆ ಮರೆವು, ಯಾರನ್ನು ಮಕ್ಕಳು ನೋಡುತ್ತಿಲ್ಲ ಎನ್ನುವುದು ಮೈಕಿನಲ್ಲಿ ಹೇಳುವ ಮಾತಲ್ಲ. ಸಭೆಗೆ ಸಂಖ್ಯೆ ಸಾಕು. ಹೆಸರುಗಳು ಸಮಿತಿಯ ಪುಸ್ತಕದಲ್ಲಿರಲಿ. ಹಗಲು ಒಂಟಿಯಾಗಿರುವವರ ಪಟ್ಟಿ ಕಳ್ಳರಿಗೂ ಉಪಯೋಗಕ್ಕೆ ಬರುತ್ತದೆ ಎನ್ನುವುದು ನೆನಪಿರಲಿ.

ಸಹಾಯಕ್ಕೆ ಹೋಗುವವರು ಯಾರೇ ಆಗಲಿ, ಹಿರಿಯರ ಎಟಿಎಂ ಕಾರ್ಡು, ಪಿನ್ನು, ಪಾಸ್‌ಬುಕ್ ತಮ್ಮ ಹತ್ತಿರ ಇಟ್ಟುಕೊಳ್ಳಕೂಡದು. ಒಳ್ಳೆಯ ಮನಸ್ಸಿನಿಂದ ಇಟ್ಟುಕೊಂಡದ್ದೂ ಆಮೇಲೆ ಜಗಳಕ್ಕೆ ಬರುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಾವ ಕಾಗದವನ್ನೂ ಮೊದಲು ಓದಿ ಹೇಳಬೇಕು, ಇನ್ನೊಬ್ಬರ ಎದುರಿಗೆ.

ಆಸ್ತಿ ಬರೆಸಿಕೊಂಡು ಊಟ ಹಾಕದ ಮಕ್ಕಳ ದೂರು ಬಂದರೆ ನ್ಯಾಯ ಪಂಚಾಯಿತಿ ಸೇರಿಸಬೇಡಿ. 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹಿರಿಯರು ತಾವೇ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ರದ್ದುಮಾಡಿಸಲೂ ಅಲ್ಲಿ ದಾರಿಯಿದೆ. ಅದಕ್ಕೆ ಮೊದಲು ವಿಚಾರಿಸಲು ಹಿರಿಯರ ಸಹಾಯವಾಣಿ 14567. ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416. ತುರ್ತಿಗೆ ಎಂದಿನಂತೆ 108. ಈ ಮೂರು ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಒಳಗಿನ ಗೋಡೆಗೆ ಅಂಟಿಸಿ, ಪಂಚಾಯಿತಿ ಗೋಡೆಗಲ್ಲ.

ಬಿಪಿ ನೋಡಲು ಸಂಘದ ಹುಡುಗಿಯರಿಗೆ ಕಲಿಸಬಹುದು, ಮಾತ್ರೆ ಹೆಚ್ಚುಕಡಿಮೆ ಮಾಡಲು ಅಲ್ಲ. ಪಕ್ಕದ ಮನೆಯವರ ಮಾತ್ರೆ ‘ನನಗೂ ಅದೇ ಕಾಯಿಲೆ’ ಎಂದು ನುಂಗುವ ಅಭ್ಯಾಸ ನಮ್ಮ ಹಿರಿಯರಲ್ಲಿ ಬಹಳ ಇದೆ, ಅದನ್ನು ತಡೆಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲವನ್ನೂ ಆಶಾ ತಲೆಗೆ ಕಟ್ಟುವುದು ಮೊದಲನೆಯದು. ಅವರಿಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ. ಬಸುರಿ, ಬಾಣಂತಿ, ಲಸಿಕೆ, ಸಮೀಕ್ಷೆ ಎಲ್ಲ ಅವರದೇ. ಹೊಸ ಕೆಲಸ ಹೇಳುವವರು ಅದಕ್ಕೆ ಹಣ ಎಲ್ಲಿಂದ ಎನ್ನುವುದನ್ನೂ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಹಗಲು ಒಂಟಿಯಾಗಿರುವವರನ್ನು ದಿನಕ್ಕೊಮ್ಮೆ ಮಾತಾಡಿಸಿ ಬರುವ ಕೆಲಸವನ್ನು ಅದೇ ಬೀದಿಯ ಸಂಘದ ಸದಸ್ಯೆಯೊಬ್ಬರಿಗೆ ಸಣ್ಣ ಗೌರವಧನದ ಮೇಲೆ ಕೊಡುವುದು ಸರಿ. ಪುಕ್ಕಟೆ ಸೇವೆ ಹಬ್ಬದ ವಾರಕ್ಕೆ, ಸುಗ್ಗಿಯ ವಾರಕ್ಕೆ ನಿಂತುಹೋಗುತ್ತದೆ. ಒಂಟಿತನಕ್ಕೆ ಸುಗ್ಗಿ ಗೊತ್ತಿಲ್ಲ.

ಬಿಪಿಎಲ್ ಕಾರ್ಡಿನವರನ್ನು ಮಾತ್ರ ಎಣಿಸುವುದು ಇನ್ನೊಂದು. ದೊಡ್ಡ ತೊಟ್ಟಿಮನೆಯಲ್ಲಿ, ಮಕ್ಕಳು ಅಮೆರಿಕದಲ್ಲಿರುವ ಅಜ್ಜ ಅಜ್ಜಿಗೆ ಹಣದ ಕೊರತೆ ಇಲ್ಲ, ಬಿದ್ದರೆ ಎತ್ತುವವರಿಲ್ಲ. ಅವರಿಂದ ಸಲಕರಣೆ ಕೋಣೆಗೆ ದೇಣಿಗೆ ಪಡೆಯಿರಿ, ಅವರ ಹೆಸರನ್ನೂ ಪಟ್ಟಿಗೆ ಹಾಕಿ.

ಕಟ್ಟಡದಿಂದ ಶುರು ಮಾಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಹಗಲು ಹೊತ್ತು ಹಿರಿಯರು ಸೇರಲು ಜಾಗ ಬೇಕೆಂದರೆ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಮಧ್ಯಾಹ್ನ ಬಹುಪಾಲು ಖಾಲಿಯೇ ಇರುತ್ತದೆ. ನಾಲ್ಕು ಬೆನ್ನೊರಗು ಕುರ್ಚಿ, ದೊಡ್ಡ ಅಕ್ಷರದ ಪುಸ್ತಕ, ಕುಡಿಯುವ ನೀರು, ಹತ್ತಿರದಲ್ಲೇ ಶೌಚಾಲಯ. ಶೌಚಾಲಯವಿಲ್ಲದ ಕಡೆ ಹಿರಿಯ ಹೆಂಗಸರು ಅರ್ಧ ತಾಸಿಗಿಂತ ಹೆಚ್ಚು ಕೂರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ಮರೆವನ್ನು ‘ವಯಸ್ಸಾಯ್ತಲ್ಲ’ ಎಂದು ತಳ್ಳಿಹಾಕುವುದು ಕೂಡ ತಪ್ಪೇ. ದಾರಿ ತಪ್ಪುವುದು, ಉಂಡದ್ದು ಮರೆತು ಮತ್ತೆ ಕೇಳುವುದು, ಸೊಸೆ ಕದ್ದಳೆಂದು ಅನುಮಾನಪಡುವುದು ಇವೆಲ್ಲ ಕಾಯಿಲೆಯ ಲಕ್ಷಣ ಇರಬಹುದು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಇಂಥವರಿಗಾಗಿಯೂ ಇದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

7. ಮೂರು ತಿಂಗಳಿಗೊಮ್ಮೆ ಪುಸ್ತಕ ತೆರೆಯಿರಿ

ಸಮಿತಿ ಸೇರಿದಾಗ ಭಾಷಣ ಬೇಡ. ನಿಗದಿತ ದಿನ ಎಷ್ಟು ಸಲ ತಪ್ಪಿತು, ಯಾಕೆ? ಮಾತ್ರೆ ಇಲ್ಲದೆ ಉಳಿದವರು ಎಷ್ಟು ಜನ? ಹಾಸಿಗೆ ಹಿಡಿದವರಲ್ಲಿ ಎಷ್ಟು ಜನಕ್ಕೆ ಹುಣ್ಣು? ಯಾರು ಬಿದ್ದರು, ಎಲ್ಲಿ ಬಿದ್ದರು? ನಿಂತ ಪಿಂಚಣಿಗಳಲ್ಲಿ ಎಷ್ಟು ಮತ್ತೆ ಬಂದವು? ಒಂದೇ ಬಚ್ಚಲ ದಾರಿಯಲ್ಲಿ ಇಬ್ಬರು ಬಿದ್ದಿದ್ದರೆ ಮುಂದಿನ ಕೆಲಸ ಯಾವುದೆಂದು ಬೇರೆ ಚರ್ಚೆ ಬೇಕಿಲ್ಲ. ಗುಂಪು ಬದಲಾದವರ ಹೆಸರನ್ನೂ ಆಗಲೇ ಸರಿಸಿ: ಹೋದ ಸಲ ಓಡಾಡುತ್ತಿದ್ದವರು ಈ ಸಲ ಮಲಗಿರಬಹುದು, ಪೊರೆ ತೆಗೆಸಿಕೊಂಡವರು ಎದ್ದು ಓಡಾಡುತ್ತಿರಬಹುದು.

ಪಟ್ಟಣದಲ್ಲಿರುವವರಿಗೂ ದಾರಿ ಇದೇ, ಹೆಸರುಗಳು ಮಾತ್ರ ಬೇರೆ. ಗ್ರಾಮಸಭೆಯ ಬದಲು ವಾರ್ಡ್ ಸಮಿತಿ, ಉಪಕೇಂದ್ರದ ಬದಲು ನಮ್ಮ ಕ್ಲಿನಿಕ್, ಸ್ತ್ರೀಶಕ್ತಿ ಸಂಘದ ಬದಲು ಬಡಾವಣೆಯ ನಿವಾಸಿಗಳ ಸಂಘ. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ ನಡೆಸುವ 1090 ಹಿರಿಯರ ಸಹಾಯವಾಣಿ 2002ರಿಂದ ಇದೆ. ಪಟ್ಟಣದಲ್ಲಿ ಪಟ್ಟಿ ಮಾಡುವುದು ಹಳ್ಳಿಗಿಂತ ಕಷ್ಟ, ಯಾಕೆಂದರೆ ಎದುರು ಮನೆಯ ಹೆಸರೇ ಗೊತ್ತಿರುವುದಿಲ್ಲ. ಅಪಾರ್ಟ್‌ಮೆಂಟಿನ ಕಾವಲುಗಾರ, ಹಾಲು ಹಾಕುವ ಹುಡುಗ, ಔಷಧಿ ಅಂಗಡಿಯವರು ಮೂವರನ್ನು ಮೊದಲು ಕೇಳಿ. ಯಾವ ಮನೆಯ ಬಾಗಿಲು ತೆರೆಯುವುದು ತಡ, ಯಾರ ಮಾತ್ರೆ ಈ ತಿಂಗಳು ಖರೀದಿಯಾಗಿಲ್ಲ ಎನ್ನುವುದು ಅವರಿಗೆ ತಿಳಿದಿರುತ್ತದೆ.